ಕೋಟೆಯಿಲ್ಲದ ಮಾಕಳಿ

ಮಾಕಳಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಉಪ್ಪಿನಕಾಯಿಯ ಜಾಡಿಯ ಮರ್ಮ ಬಲ್ಲ ಗೃಹಿಣಿಯರಿಗೆ ಮಾಕಳಿ ಬೇರು ನೆನಪಾಗುತ್ತದೆ. ಬಂಡೆಗಳ ಸಂದಿಯಲ್ಲಿ ಬೆಳೆಯುವ ಒಂದು ಬಳ್ಳಿಯ ಬೇರು ಅದು. ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ನಿಂಬೆಯ ಹುಳಿಯಲ್ಲೋ ಮಜ್ಜಿಗೆಯಲ್ಲೋ ಹಾಕಿಟ್ಟರೆ ಅದರ ಘಾಟು ಮನೆಯನ್ನೆಲ್ಲ ತುಂಬುತ್ತದೆ. ಬೆಟ್ಟ ಹತ್ತುವ ಹವ್ಯಾಸವುಳ್ಳ ತರುಣರಿಗಾದರೋ ನೆನಪಾಗುವುದು ದೊಡ್ಡಬಳ್ಳಾಪುರದ ಆಚೆಯ ಮಾಕಳಿದುರ್ಗ. ನೆತ್ತಿಯ ಮೇಲೆ ಹಳೆಯ ಕೋಟೆ, ಬುಡದಲ್ಲಿ ರೈಲು ಹಾದಿ.

ನಾನು ಈ ಹೊತ್ತು ಹೇಳಹೊರಟಿರುವ ಮಾಕಳಿಗೆ ಬೆಟ್ಟವೂ ಇಲ್ಲ, ಕೋಟೆಯೂ ಇಲ್ಲ. ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರು ಪೀಣ್ಯ, ದಾಸರಹಳ್ಳಿ, ನಾಗಸಂದ್ರಗಳನ್ನು ದಾಟಿ, ಇನ್ನೇನು ನೆಲಮಂಗಲ ಬಂತು ಎನ್ನುವಷ್ಟರಲ್ಲಿ ಹೆದ್ದಾರಿಯ ಬದಿಯಲ್ಲಿ ಈ ಹೆಸರಿನ ಒಂದು ಫಲಕವನ್ನು ಕಾಣುತ್ತಾರೆ. ಕಂಡು, ಮುಂದೆ ಹೋಗುತ್ತಾರೆ. ಬೆಂಗಳೂರು ಉತ್ತರ ತಾಲ್ಲೂಕಿನ ದಾಸನಪುರ ಹೋಬಳಿಗೆ ಸೇರಿದ ಊರು ಇದು. ಈ ಊರಿಗೆ ನಾನು ಒಂದು ಸಾಲವನ್ನು ತೀರಿಸಬೇಕಾಗಿದೆ. ಅದು ಎಂಥ ಸಾಲ ಎಂಬುದನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಇಂಥ ಊರಿಗೆ ಚರಿತ್ರೆಯೆಂಬುದು ಇದೆಯೆ? ನಾವು ಶಾಲೆಯಲ್ಲಿ ಕಲಿತ ಚರಿತ್ರೆಯ ಪ್ರಕಾರ ಇಲ್ಲ. ಆ ಚರಿತ್ರೆಗೆ ಒಬ್ಬ ರಾಜ ಬೇಕು, ಒಂದು ಕಾಳಗ ಬೇಕು, ಕಡೆಗೆ ಒಂದು ದೊಡ್ಡ ದೇವಾಲಯವಾದರೂ ಬೇಕು. ಇವು ಯಾವುವೂ ಇಲ್ಲದ ಊರುಗಳು ನಮ್ಮ ದೇಶದಲ್ಲಿ ಲಕ್ಷಗಟ್ಟಲೆ. ನಮ್ಮ ಹಿರಿಯರಲ್ಲಿ ಬಹುಪಾಲು ಮಂದಿ ಹುಟ್ಟಿ, ಬಾಳಿ, ಮಣ್ಣಾದದ್ದು ಅಂಥ ಊರುಗಳಲ್ಲಿಯೆ. ಅವಕ್ಕೆ ಚರಿತ್ರೆಯಿಲ್ಲವೆಂದರೆ ನಮ್ಮಲ್ಲಿ ಬಹು ಮಂದಿಗೆ ಪೂರ್ವಿಕರೇ ಇಲ್ಲವೆಂದಂತಾಯಿತು.

ಈ ವಿಷಯದಲ್ಲಿ ಇಂಗ್ಲೆಂಡಿನವರ ಅದೃಷ್ಟ ದೊಡ್ಡದು. ಅಲ್ಲಿ ನೂರಿನ್ನೂರು ಮನೆಗಳ ಹಳ್ಳಿಗೂ ಒಂದು ಚರಿತ್ರೆಯ ಪುಸ್ತಕವಿರುವುದು ಅಪರೂಪವಲ್ಲ. ಆ ಊರಿನ ಪಾದ್ರಿಯೋ ಉಪಾಧ್ಯಾಯನೋ ವಿಶ್ರಾಂತಿ ಪಡೆದ ಅಧಿಕಾರಿಯೋ ಅದನ್ನು ಬರೆದಿರುತ್ತಾನೆ. ಬರೆಯಲು ಅವನಿಗೆ ಸಾಮಗ್ರಿ ಸಿದ್ಧವಾಗಿದೆ. 1086ರಲ್ಲಿ ವಿಲಿಯಂ ದೊರೆ ತಾನು ಗೆದ್ದ ದೇಶದ ಲೆಕ್ಕವನ್ನೆಲ್ಲ ಬರೆಯಿಸಿದ. ಯಾವ ಊರಿನಲ್ಲಿ ಎಷ್ಟು ನೇಗಿಲು, ಎಷ್ಟು ಹುಲ್ಲುಗಾವಲು, ನೀರಿನಿಂದ ತಿರುಗುವ ಬೀಸುಗಲ್ಲು ಎಷ್ಟು, ಕಾಡಿನಲ್ಲಿ ಎಷ್ಟು ಹಂದಿ ಮೇಯಬಹುದು, ಎಲ್ಲವೂ ‘ಡೂಮ್ಸ್‌ಡೇ’ ಎಂಬ ಆ ಪುಸ್ತಕದಲ್ಲಿದೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಇಗರ್ಜಿಯೂ ತನ್ನ ವ್ಯಾಪ್ತಿಯ ನಾಮಕರಣ, ಮದುವೆ, ಮರಣಗಳನ್ನು ಬರೆದಿಡತಕ್ಕದ್ದೆಂದು ಆಜ್ಞೆ ಮಾಡಿದ. ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದರೆಂದು ಪರಂಪರೆ ಹೇಳುವ ವರ್ಷ 1537. ಅದರ ಮರುವರ್ಷದಿಂದ ಆ ದೇಶದಲ್ಲಿ ಕೂಲಿಯವನ ಮಗುವಿನ ಹೆಸರೂ ಕಾಗದಕ್ಕೆ ಏರತೊಡಗಿತು. 1789ರಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಸೆಲ್ಬೋರ್ನ್ ಎಂಬ ತನ್ನ ಹಳ್ಳಿಯ ಹಕ್ಕಿಪಕ್ಷಿಗಳನ್ನೂ ಹಳೆಯ ಸಂಗತಿಗಳನ್ನೂ ಕುರಿತು ಒಂದು ಪುಸ್ತಕ ಬರೆದ. ಅದನ್ನು ಜನ ಇಂದಿಗೂ ಓದುತ್ತಾರೆ. 1955ರಲ್ಲಿ ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ವಿದ್ವಾಂಸ, ಹೊಲದ ಬದು, ಬೇಲಿಯ ಸಾಲು, ದಾರಿಯ ತಿರುವು ಇವೇ ಚರಿತ್ರೆಯ ದಾಖಲೆಗಳು, ಓದಬಲ್ಲ ಕಣ್ಣಿರಬೇಕು ಅಷ್ಟೆ, ಎಂದು ತೋರಿಸಿಕೊಟ್ಟ.

ಮಾಕಳಿಯಂಥ ಊರಿಗೆ ಇಂಥ ಸಾಮಗ್ರಿ ಏನಿದೆ? ಹುಡುಕಿದರೆ ಇಲ್ಲದೆ ಇಲ್ಲ. ಮೊದಲನೆಯದು ಕಲ್ಲು. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆಸಿ ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ ಅದು. ಅದರ ಪುಟಗಳನ್ನು ತಿರುವಿದರೆ ನಮ್ಮ ಈ ಬಯಲುಸೀಮೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಇಂದು ನೆಲಮಂಗಲ ತಾಲ್ಲೂಕಿಗೆ ಸೇರಿರುವ ಮಣ್ಣೆ ಎಂಬ ಹಳ್ಳಿ ಎಂಟನೆಯ ಶತಮಾನದಲ್ಲಿ ಮಾನ್ಯಪುರವಾಗಿತ್ತು. ಗಂಗರ ಶ್ರೀಪುರುಷ ಅಲ್ಲಿಂದ ರಾಜ್ಯವಾಳಿದ. ಮಾಕಳಿಯಿಂದ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿಯೊಳಗೆ ಒಂದು ರಾಜಧಾನಿಯಿದ್ದಿತೆಂದು ಇಂದು ನೆಲಮಂಗಲದ ಸಂತೆಗೆ ಹೋಗುವ ಎಷ್ಟು ಮಂದಿಗೆ ಗೊತ್ತು? ರಾಜಧಾನಿ ಹಳ್ಳಿಯಾಯಿತು, ಸುತ್ತಿನ ಹಳ್ಳಿಗಳು ಹಳ್ಳಿಗಳಾಗಿಯೇ ಉಳಿದವು.

ಈ ಶಾಸನಗಳಲ್ಲಿ ರಾಜರ ಬಿರುದಾವಳಿಯನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಎರಡೇ ಸಂಗತಿ: ದನ ಮತ್ತು ನೀರು. ಶತ್ರುಗಳು ಊರಿನ ದನಗಳನ್ನು ಹೊಡೆದುಕೊಂಡು ಹೋದಾಗ ಅಡ್ಡಗಟ್ಟಿ ಕಾದಿ ಸತ್ತವನಿಗೆ ಒಂದು ವೀರಗಲ್ಲು. ಅವನ ಮನೆಯವರಿಗೆ ಒಂದಿಷ್ಟು ಭೂಮಿ. ಆ ಭೂಮಿಯನ್ನು ‘ನೆತ್ತರು ಕೊಡಗೆ’ ಎಂದರು. ಕೆರೆ ಕಟ್ಟಿಸಿದವನಿಗೆ ಕೆರೆಯ ಕೆಳಗೆ ಕೊಟ್ಟ ಗದ್ದೆಯನ್ನು ‘ಬಿತ್ತುವಟ್ಟ’ ಎಂದರು. ದನ ಉಳಿಸಲು ಸತ್ತವನನ್ನೂ ನೀರು ನಿಲ್ಲಿಸಲು ದುಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಜನ ನಮ್ಮವರು. ಬೆಂಗಳೂರಿನ ಸುತ್ತಣ ಹಳ್ಳಿಗಳ ನಿಜವಾದ ಸ್ಥಾಪಕರು ಯಾರೆಂದು ಯಾರಾದರೂ ಕೇಳಿದರೆ, ಈ ಇಬ್ಬರ ಕಡೆಗೆ ಕೈ ತೋರಿಸಬಹುದು.

ಎರಡನೆಯ ಸಾಮಗ್ರಿ ಪರದೇಶದವರ ಬರವಣಿಗೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪೆನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಅರಮನೆಗಳಿಗಿಂತ ಹೆಚ್ಚಾಗಿ ಹೊಲಗಳಲ್ಲಿ ನಿಂತು ನೋಡಿದ ಮನುಷ್ಯ. ರಾಗಿಯ ಬೇಸಾಯವನ್ನು, ಅದರ ನಡುವೆ ಅವರೆ ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ಕ್ರಮವನ್ನು ಬಿಡಿಸಿ ಬರೆದಿದ್ದಾನೆ. ಬೆಂಗಳೂರಿನ ಸೀಮೆಯ ಕಣದಲ್ಲಿ ರಾಶಿ ಹಂಚುವ ಬಗೆಯನ್ನೂ ವಿವರಿಸಿದ್ದಾನೆ. ದೇವರ ಪಾಲು, ಗೌಡನ ಪಾಲು, ಶಾನುಭೋಗನ ಪಾಲು, ತೋಟಿಗೆ, ನೀರುಗಂಟಿಗೆ, ಕುಂಬಾರನಿಗೆ, ಕ್ಷೌರಿಕನಿಗೆ, ಪಂಚಾಂಗ ಹೇಳುವವನಿಗೆ. ಇವರೆಲ್ಲ ತಮ್ಮ ತಮ್ಮ ಅಳತೆಯಲ್ಲಿ ಪಡೆದುಕೊಂಡು ಹೋದಮೇಲೆ ಮಿಕ್ಕದ್ದರಲ್ಲಿ ಸರ್ಕಾರವೂ ಒಕ್ಕಲಿಗನೂ ಹಂಚಿಕೊಳ್ಳಬೇಕು. ಇದನ್ನು ಓದಿದಾಗ ಎರಡು ಭಾವಗಳು ಒಟ್ಟಿಗೇ ಹುಟ್ಟುತ್ತವೆ. ಊರು ಎಂಬುದು ಒಂದು ರಾಶಿಯ ಸುತ್ತ ನಿಂತ ಜನರ ಕೂಟ, ಯಾರನ್ನೂ ಬರಿಗೈಯಲ್ಲಿ ಕಳುಹಿಸದ ಕೂಟ, ಎಂಬುದು ಒಂದು. ಆ ಕೂಟದಲ್ಲಿ ಯಾರು ಹತ್ತಿರ ನಿಲ್ಲಬೇಕು, ಯಾರು ದೂರ ನಿಂತು ಸೆರಗೊಡ್ಡಬೇಕು ಎಂಬುದು ಹುಟ್ಟಿನಿಂದಲೇ ನಿಶ್ಚಯವಾಗಿತ್ತು ಎಂಬುದು ಇನ್ನೊಂದು. ಹಳೆಯ ಊರನ್ನು ನೆನೆದು ಕಣ್ಣೀರಿಡುವವರು ಎರಡನೆಯದನ್ನು ಮರೆಯಬಾರದು.

ಮಾಕಳಿಯ ಪಾಲಿಗೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಅದರ ಮಗ್ಗುಲಲ್ಲಿರುವ ದಾರಿ. ಬೆಂಗಳೂರು ಒಂದು ಪೇಟೆಯಾಗಿ ಬೆಳೆದಂದಿನಿಂದ ವಾಯವ್ಯ ದಿಕ್ಕಿನ ಸರಕೆಲ್ಲ ಈ ಕಡೆಯಿಂದಲೇ ಬರಬೇಕು. ಸರಕು ಬಂದ ಕಡೆಯಿಂದಲೇ ಸೈನ್ಯವೂ ಬರುತ್ತದೆ. 1638ರಲ್ಲಿ ಬಿಜಾಪುರದವರು ಬೆಂಗಳೂರನ್ನು ಹಿಡಿದರು. ಕೆಂಪೇಗೌಡರ ವಂಶ ಮಾಗಡಿಗೆ ಸರಿಯಿತು. ಷಹಾಜಿ ಬೆಂಗಳೂರಿಗೆ ಬಂದ. 1687ರಲ್ಲಿ ಮೊಗಲರ ಕಾಸಿಂ ಖಾನ್ ಬಂದ. ಆಮೇಲೆ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಕೊಂಡುಕೊಂಡರೆಂದು ಚರಿತ್ರೆ ಹೇಳುತ್ತದೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಗೆ ಲಗ್ಗೆಯಿಟ್ಟ. ಊರನ್ನು ಗೆದ್ದರು, ಬಿಟ್ಟರು, ಮಾರಿದರು, ಕೊಂಡರು. ಸುತ್ತಿನ ಹಳ್ಳಿಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ದಾರಿಯ ಬದಿಯ ಹಳ್ಳಿಗೆ ರಾಜ್ಯ ಬದಲಾಯಿತೆಂಬುದು ತಿಳಿಯುತ್ತಿದ್ದದ್ದು ಹುಲ್ಲು ಕೇಳಲು ಬಂದ ಸವಾರನ ಭಾಷೆಯಿಂದ. ಅವನು ಯಾವ ಭಾಷೆಯಲ್ಲಿ ಕೇಳಿದರೂ ಹುಲ್ಲು ಒಂದೇ ಬಣವೆಯಿಂದ ಹೋಗಬೇಕು.

1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷರ ಕೈಗೆ ಹೋಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಬೆಂಗಳೂರಿನವರಿಗೆ ಉದ್ಯಾನವೊಂದರಿಂದ ಪರಿಚಿತ. ಹಳ್ಳಿಯವರಿಗೆ ಅವರು ಪರಿಚಿತರಾಗಬೇಕಾದದ್ದು ರಸ್ತೆಗಳಿಂದ ಮತ್ತು ತೆಗೆದುಹಾಕಿದ ತೆರಿಗೆಗಳಿಂದ. ಗಾಡಿ ಹೋಗುವಂಥ ರಸ್ತೆಗಳು ಸಂಸ್ಥಾನದಲ್ಲಿ ಎಲ್ಲ ಕಡೆ ಹರಡಿದ್ದು ಅವರ ಕಾಲದಲ್ಲಿ. ತೆರಿಗೆಗಳ ವಿಷಯವಂತೂ ಒಂದು ಕಥೆಯೇ ಸರಿ. ಹಿಂದಿನಿಂದ ಬಂದಿದ್ದ 700ಕ್ಕೂ ಹೆಚ್ಚು ಚಿಲ್ಲರೆ ತೆರಿಗೆಗಳನ್ನು ಅವರು ರದ್ದುಮಾಡಿದರು. ಮದುವೆಗೆ ತೆರಿಗೆ, ಮಗು ಹುಟ್ಟಿದ್ದಕ್ಕೆ ತೆರಿಗೆ, ಅದಕ್ಕೆ ಹೆಸರಿಟ್ಟದ್ದಕ್ಕೆ ತೆರಿಗೆ, ಅದರ ತಲೆ ಬೋಳಿಸಿದ್ದಕ್ಕೆ ತೆರಿಗೆ. ಇವುಗಳಲ್ಲಿ ನನಗೆ ಮರೆಯಲಾಗದ್ದು ಒಂದಿದೆ. ಯಾವುದೋ ಒಂದು ಹಳ್ಳಿಯವರು ತಲೆತಲಾಂತರದಿಂದ ಒಂದು ತೆರಿಗೆ ಕೊಡುತ್ತಿದ್ದರಂತೆ. ಕಾರಣವೇನೆಂದರೆ, ಹಿಂದೆಂದೋ ಒಬ್ಬ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಪೂರ್ವಿಕರು ಅದನ್ನು ಹುಡುಕಿಕೊಡಲಿಲ್ಲ! ಕುದುರೆ ಸತ್ತು, ಪಾಳೆಯಗಾರ ಸತ್ತು, ಪಾಳೆಯಪಟ್ಟೇ ಅಳಿದಮೇಲೂ ತೆರಿಗೆ ಬದುಕಿತ್ತು. ಆ ಹಳ್ಳಿಯವರಿಗೆ ತಮ್ಮ ಚರಿತ್ರೆ ಎಂದರೆ ಆ ಒಂದು ಕುದುರೆಯೇ ಆಗಿದ್ದಿರಬೇಕು.

ದಾರಿಯ ಬಗೆಗೆ ಹೇಳಿದ ಮೇಲೆ ಬರದ ಮಾತನ್ನೂ ಹೇಳಬೇಕು. 1876ರಿಂದ 78ರವರೆಗಿನ ಕ್ಷಾಮವನ್ನು ನಮ್ಮ ಹಿರಿಯರು ‘ಧಾತು ಈಶ್ವರದ ಬರ’ ಎನ್ನುತ್ತಿದ್ದರು. ಆ ಎರಡು ಸಂವತ್ಸರಗಳ ಹೆಸರಿನ ಮೇಲೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಅದು 41 ಲಕ್ಷ 86 ಸಾವಿರ. ಸಹಜವಾಗಿ ಬೆಳೆಯಬೇಕಾಗಿದ್ದ ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕಡಿಮೆಯಾದರು. ಊರುಗಳನ್ನು ಬಿಟ್ಟು ಗಂಜಿಯ ಆಸೆಯಿಂದ ಬೆಂಗಳೂರಿನ ಕಡೆಗೆ ನಡೆದವರು ಇಂಥ ದಾರಿಗಳಲ್ಲಿಯೇ ನಡೆದರು. ಎಷ್ಟೋ ಮಂದಿ ನಡೆಯುತ್ತಲೇ ಬಿದ್ದರು. ಅವರ ಹೆಸರುಗಳು ಯಾವ ಇಗರ್ಜಿಯ ಪುಸ್ತಕದಲ್ಲಿಯೂ ಇಲ್ಲ. ನಮ್ಮ ಮನೆಯ ಮುದುಕಿಯರು ಅನ್ನದ ಅಗುಳು ನೆಲಕ್ಕೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದರು. ಆ ಅಭ್ಯಾಸವೊಂದೇ ಅವರಿಗೆ ನೆಟ್ಟ ಕಲ್ಲು.

ಕ್ಷಾಮದ ಹಿಂದುಮುಂದಿನ ವರ್ಷಗಳಲ್ಲಿಯೇ ಹಳ್ಳಿಯ ಸ್ವರೂಪವನ್ನು ಸದ್ದಿಲ್ಲದೆ ಬದಲಾಯಿಸಿದ ಇನ್ನೊಂದು ಕೆಲಸ ನಡೆಯಿತು, ಅದು ಭೂಮಾಪನ. ಮೈಸೂರಿನಲ್ಲಿ ಇದು 1863ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ ಭೂಮಿಯನ್ನು ಬೀಜದಿಂದ ಅಳೆಯುತ್ತಿದ್ದರು. ಇಷ್ಟು ಕೊಳಗ ಬೀಜ ಹಿಡಿಯುವ ಹೊಲ, ಇಷ್ಟು ಖಂಡುಗದ ಗದ್ದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಈ ಅಳತೆಯಲ್ಲಿ ಭೂಮಿಯ ಅಗಲದ ಜೊತೆಗೆ ಅದರ ಸತ್ವವೂ ಸೇರಿತ್ತು. ಸರಪಣಿ ಹಿಡಿದು ಬಂದವರು ಆ ಲೆಕ್ಕವನ್ನು ಒಪ್ಪಲಿಲ್ಲ. 33 ಅಡಿಯ ಸರಪಣಿ. 33ಕ್ಕೆ 33 ಅಡಿ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿಯೊಂದು ಹೊಲಕ್ಕೂ ಒಂದು ಸರ್ವೆ ನಂಬರು ಬಂತು, ಮೂಲೆಗೊಂದು ಕಲ್ಲು ಬಂತು. ರೈತನಿಗೆ ಇದರಿಂದ ಉಪಕಾರವಾಗಲಿಲ್ಲವೆಂದು ಹೇಳಲಾರೆ. ತನ್ನದು ಎಂದು ತೋರಿಸಲು ಅವನಿಗೊಂದು ಆಧಾರ ಸಿಕ್ಕಿತು. ಆದರೆ ಅಂದಿನಿಂದ ಹೊಲಕ್ಕೆ ಎರಡು ಹೆಸರಾಯಿತು, ಸರ್ಕಾರದ ಪುಸ್ತಕದಲ್ಲಿ ಒಂದು ಅಂಕಿ, ಊರವರ ಬಾಯಲ್ಲಿ ಒಂದು ಮಾತು. ಆ ಮಾತಿನ ವಿಷಯಕ್ಕೆ ಮತ್ತೆ ಬರುತ್ತೇನೆ.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಆ ಹಾದಿ ಸೋಲದೇವನಹಳ್ಳಿಯ ಮೇಲೆ ಹೋಯಿತು; ಮಾಕಳಿಗೆ ಗಾಡಿದಾರಿಯೇ ಉಳಿಯಿತು. ಹತ್ತು ವರ್ಷದ ಮೇಲೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಒಯ್ಯುವ ಏರ್ಪಾಡಾಯಿತು. ನಗರಕ್ಕೆ ಅದು ಸಾಲದಾದಾಗ, 1933ರಲ್ಲಿ, ಅದೇ ಅರ್ಕಾವತಿಗೆ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯ ಸಿದ್ಧವಾಯಿತು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿ. ತುಮಕೂರಿನ ರಸ್ತೆಗೆ ಉತ್ತರದಲ್ಲಿ ಹೆಸರಘಟ್ಟ, ದಕ್ಷಿಣದಲ್ಲಿ ತಿಪ್ಪಗೊಂಡನಹಳ್ಳಿ. ಎರಡರ ನಡುವಿನ ಕಣಿವೆಯ ಸೀಮೆಯಲ್ಲಿ ಮಾಕಳಿ. ಮೇಲೆಯೂ ಕೆಳಗೆಯೂ ನಗರದ ನೀರು. ನಡುವಿನ ಊರಿನವರದು ಕೆರೆಯ ನೀರು, ಬಾವಿಯ ನೀರು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಹೊಳೆ ಊರ ಪಕ್ಕದಲ್ಲಿ ಹರಿದರೂ ಅದು ಮೊದಲೇ ಗೊತ್ತುಮಾಡಿದ ಹುಡುಗಿಯ ಹಾಗೆ. ಬೇರೆ ಮನೆಗೆ ಸೇರಿದ್ದು.

1974ರಲ್ಲಿ ಬೆಂಗಳೂರಿಗೆ ಕಾವೇರಿಯ ನೀರು ಬಂದಮೇಲೆ ಆ ಮನೆಯವರಿಗೂ ಅವಳು ಬೇಡವಾದಳು. ಮೇಲಿನ ಕೆರೆಗಳಿಂದ ಹರಿದು ಬರುತ್ತಿದ್ದ ನೀರು ವರ್ಷದಿಂದ ವರ್ಷಕ್ಕೆ ಇಳಿಯಿತು, ಕೊಳವೆಬಾವಿಗಳು ಹೆಚ್ಚಿದವು, ಹೊಳೆಯ ಪಾತ್ರದಲ್ಲಿ ಮರಳಿಗೆ ಬದಲು ಕಸವೂ ಕೊಳಕು ನೀರೂ ಕಾಣತೊಡಗಿದವು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಕಾಪಾಡುವುದಕ್ಕಾಗಿ ಸರ್ಕಾರ 2003ರಲ್ಲಿ ಒಂದು ಆಜ್ಞೆಯನ್ನು ಹೊರಡಿಸಿತು. ಆಜ್ಞೆ ಬರುವ ಹೊತ್ತಿಗೆ ನೀರು ಹೊರಟುಹೋಗಿತ್ತು.

ದಾರಿ ಮಾತ್ರ ಬತ್ತಲಿಲ್ಲ. ಎತ್ತಿನ ಗಾಡಿಯ ದಾರಿ ರಾಷ್ಟ್ರೀಯ ಹೆದ್ದಾರಿಯಾಯಿತು. ಪುಣೆಯ ಕಡೆಯ ಲಾರಿಗಳೂ ಮಂಗಳೂರಿನ ಕಡೆಯ ಲಾರಿಗಳೂ ನೆಲಮಂಗಲದಲ್ಲಿ ಬೇರೆಯಾಗುವ ಮೊದಲು ಒಟ್ಟಿಗೆ ಮಾಕಳಿಯನ್ನು ಹಾಯುತ್ತವೆ. 1970ರ ದಶಕದಲ್ಲಿ ಪೀಣ್ಯದಲ್ಲಿ ಕೈಗಾರಿಕೆಗಳು ನೆಲೆಯೂರಿದವು. ಅದೇ ದಶಕದಲ್ಲಿ, 1930ರಲ್ಲಿ ಡೆಹರಾಡೂನಿನಲ್ಲಿ ಆರಂಭವಾಗಿದ್ದ ಹಿಮಾಲಯ ಡ್ರಗ್ ಕಂಪೆನಿ ಮಾಕಳಿಯಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಗಿಡಮೂಲಿಕೆಗಳ ಔಷಧ ಮಾಡುವ ಕಾರ್ಖಾನೆ, ಒಂದು ಬೇರಿನ ಹೆಸರನ್ನು ಹೊತ್ತ ಊರಿಗೇ ಬಂದದ್ದು ಒಂದು ಸೊಗಸಾದ ಆಕಸ್ಮಿಕ. ಇಂದು ಔಷಧದ ಶೀಶೆಗಳ ಮೇಲಿನ ಚೀಟಿಯಿಂದ ಮಾಕಳಿಯ ಹೆಸರನ್ನು ದೇಶವಿದೇಶಗಳ ಜನ ಓದುತ್ತಾರೆ. ಊರಿನ ಯಾವ ರಾಜನೂ ಮಾಡದ ಕೆಲಸವನ್ನು ಒಂದು ಚೀಟಿ ಮಾಡಿತು.

1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ನಗರ, ಗ್ರಾಮಾಂತರ ಎಂದು ಎರಡಾಗಿ ಒಡೆದರು. ನೆಲಮಂಗಲ ತಾಲ್ಲೂಕು ಗ್ರಾಮಾಂತರಕ್ಕೆ ಹೋಯಿತು. ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿದ್ದ ಮಾಕಳಿ ನಗರ ಜಿಲ್ಲೆಯಲ್ಲಿ ಉಳಿಯಿತು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಸೊಂಟ ನೇರ ಮಾಡಿಕೊಂಡು ನಿಲ್ಲುವಷ್ಟರಲ್ಲಿ ನಗರದವಳಾಗಿದ್ದಳು! 2007ರಲ್ಲಿ ಹತ್ತಿರದ ಮಾದಾವರದಲ್ಲಿ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಬಂತು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಅಲ್ಲಿಯವರೆಗೆ ಬಂತು. 1884ರಲ್ಲಿ ಪಕ್ಕಕ್ಕೆ ಸರಿದುಹೋಗಿದ್ದ ರೈಲು, 140 ವರ್ಷದ ಮೇಲೆ ಊರಿನ ಹೊಸ್ತಿಲಿನ ಹತ್ತಿರಕ್ಕೆ ಬಂದಂತಾಯಿತು.

ಇದನ್ನೆಲ್ಲ ನಾನು ದುಃಖದ ಸ್ವರದಲ್ಲಿ ಹೇಳುತ್ತಿಲ್ಲ. ಕಣದ ಮೂಲೆಯಲ್ಲಿ ದೂರ ನಿಂತು ಸೆರಗೊಡ್ಡಬೇಕಾಗಿದ್ದ ಮನೆತನದ ಮೊಮ್ಮಗಳು ಕಾರ್ಖಾನೆಯ ಬಾಗಿಲಲ್ಲಿ ಎಲ್ಲರೊಡನೆ ಸರದಿಯಲ್ಲಿ ನಿಂತು ಒಳಗೆ ಹೋಗುವುದನ್ನು ಕಂಡವನು, ಹಳೆಯದೆಲ್ಲ ಹಾಗೆಯೇ ಇರಬೇಕಿತ್ತು ಎಂದು ಹೇಗೆ ಹೇಳಿಯಾನು? ನನ್ನ ಅಳಲು ಬೇರೆ. ಒಂದು ಗುಂಟೆಗೆ 1,089 ಚದರ ಅಡಿ. ಮೂವತ್ತು ನಲವತ್ತರ ಒಂದು ನಿವೇಶನಕ್ಕೆ 1,200 ಚದರ ಅಡಿ. ಹೊಲವೊಂದು ಬಡಾವಣೆಯಾದಾಗ ಸರ್ವೆ ನಂಬರು ಕಾಗದದಲ್ಲಿ ಹೇಗೋ ಉಳಿಯುತ್ತದೆ. ನಾನು ಆಗಲೇ ಹೇಳಿದ ಎರಡನೆಯ ಹೆಸರು, ಬಾಯಿಯ ಹೆಸರು, ಉಳಿಯುವುದಿಲ್ಲ. ನಮ್ಮ ಸೀಮೆಯ ಊರುಗಳಲ್ಲಿ ಹೊಲಗಳಿಗೆ ಎಂಥ ಹೆಸರುಗಳಿದ್ದವು! ಹುಣಸೇಮರದ ಹೊಲ, ಕೋಡಿ ಕೆಳಗಲ ಗದ್ದೆ, ಹಾಳುಬಾವಿ ಹೊಲ, ಮಾರಿಗುಡಿ ಹಿಂದಲ ಹೊಲ, ತೋಟಿ ಮಾನ್ಯ, ನೀರುಗಂಟಿ ಮಾನ್ಯ. ಒಂದೊಂದು ಹೆಸರೂ ಒಂದೊಂದು ವಾಕ್ಯದ ಚರಿತ್ರೆ. ‘ನೀರುಗಂಟಿ ಮಾನ್ಯ’ ಎಂದರೆ ಅಲ್ಲಿ ಕೆರೆಯಿತ್ತು, ತೂಬಿತ್ತು, ತೂಬನ್ನು ಕಾಯುವವನೊಬ್ಬನಿದ್ದ, ಅವನ ಅನ್ನಕ್ಕೆ ಊರು ದಾರಿ ಮಾಡಿತ್ತು ಎಂದು ಅರ್ಥ. ಡೂಮ್ಸ್‌ಡೇ ಪುಸ್ತಕ ನಮ್ಮಲ್ಲಿಯೂ ಇತ್ತು. ಅದನ್ನು ಹೊಲದ ಮೇಲೆಯೇ ಬರೆದಿದ್ದರು.

ಈಗ ನನ್ನ ಸಾಲದ ಮಾತು. ನಮ್ಮ ತಾತನವರು ಮಾಕಳಿಯ ಸುತ್ತಿನ ಕೆಲವು ಹಳ್ಳಿಗಳ ಶಾನುಭೋಗರಾಗಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಲು 1961ರಲ್ಲಿ ಶಾಸನವಾಯಿತು. 1963ರಲ್ಲಿ ಅದು ಜಾರಿಗೆ ಬಂತು. ಆ ಶಾಸನ ನ್ಯಾಯವಾದದ್ದೆಂದು ತಾತನೇ ಹೇಳುತ್ತಿದ್ದರು. ಆದರೂ ಕಾಗದದ ಲೆಕ್ಕಪುಸ್ತಕಗಳನ್ನೆಲ್ಲ ಗಂಟುಕಟ್ಟಿ ಒಪ್ಪಿಸಿ ಬಂದ ರಾತ್ರಿ ಅವರು ಊಟಕ್ಕೆ ಏಳಲಿಲ್ಲ. ಅಟ್ಟದ ಮೇಲೆ ಅವರ ತಾತನ ಕಾಲದ ಕಡತಗಳು ಉಳಿದಿದ್ದವು. ಅವನ್ನು ಯಾರೂ ಕೇಳಿರಲಿಲ್ಲ. ಕಡತವೆಂದರೆ ಇಂದಿನ ಕಚೇರಿಯ ಕಡತವಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಹಲಗೆ ಅದು. ಬಳಪದಿಂದ ಬರೆದರೆ ಬೆಳ್ಳಗೆ ಮೂಡುತ್ತದೆ, ನೂರು ವರ್ಷವಾದರೂ ಇರುತ್ತದೆ. ಒದ್ದೆಯ ಬಟ್ಟೆಯಿಂದ ಒರೆಸಿದರೆ ಒಂದು ಗಳಿಗೆಯಲ್ಲಿ ಹೋಗುತ್ತದೆ.

ನನಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಬೇಸಗೆಯ ರಜೆ. ಅಟ್ಟ ಹತ್ತಿದವನಿಗೆ ಅಷ್ಟು ದೊಡ್ಡ ಸ್ಲೇಟು ಸಿಕ್ಕಿದ್ದು ಹಬ್ಬವಾಯಿತು. ಒರೆಸಿದೆ, ಮಗ್ಗಿ ಬರೆದೆ. ಸಂಜೆ ತಾತ ಬಂದು ಹಿಂದೆ ನಿಂತದ್ದು ನನಗೆ ಗೊತ್ತಾಗಲಿಲ್ಲ.

“ಏನೋ ಮಗು ಅದು ಬರೆದಿರೋದು?”

“ಹದಿನೇಳರ ಮಗ್ಗಿ, ತಾತ.”

ಅವರು ಬಗ್ಗಿ ಮೇಲಿನಿಂದ ಕೆಳಗಿನವರೆಗೆ ಓದಿದರು. “ತಪ್ಪಿಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಇದ್ದದ್ದು ಕೆರೆ ನೀರಿನ ಸರದಿ ಕಣೋ. ಯಾರ ಗದ್ದೆಗೆ ಯಾವ ದಿವಸ, ಎಷ್ಟು ಗಳಿಗೆ ಅಂತ. ಇರಲಿ, ಇನ್ನು ಅದನ್ನ ಕೇಳೋರು ಯಾರು?” ಎಂದು ಹೇಳಿ ಜಗಲಿಗೆ ಹೋದರು. ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಬಹುಶಃ ನಾನು ಮರೆತುಬಿಡುತ್ತಿದ್ದೆ.

ಅದನ್ನು ಕೇಳುವವನು ನಾನೇ ಎಂದು ನನಗೆ ತಿಳಿದದ್ದು ತಲೆ ನರೆತ ಮೇಲೆ. ಆ ಹೊತ್ತಿಗೆ ತಾತನೂ ಇರಲಿಲ್ಲ, ಸರದಿಯ ಗದ್ದೆಗಳೂ ಇರಲಿಲ್ಲ. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದ ಪ್ರೊಫೆಸರ್ ಎಂ. ಎನ್. ಶ್ರೀನಿವಾಸರ ಕಥೆ ನಿಮಗೆ ತಿಳಿದಿರಬಹುದು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಅವರ ಅನೇಕ ವರ್ಷಗಳ ಟಿಪ್ಪಣಿಗಳು ಸುಟ್ಟುಹೋದವು. ಅವರು ಕೈಚೆಲ್ಲಲಿಲ್ಲ, ನೆನಪನ್ನೇ ಆಧಾರವಾಗಿಟ್ಟುಕೊಂಡು ಆ ಹಳ್ಳಿಯ ಬಗೆಗೆ 1976ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದು ಜಗತ್ಪ್ರಸಿದ್ಧವಾಯಿತು. ಅವರ ಟಿಪ್ಪಣಿಗಳಿಗೆ ಬೆಂಕಿಯಿಟ್ಟವರು ಬೇರೆ ಯಾರೋ. ನಮ್ಮ ಕಡತವನ್ನು ಒರೆಸಿದವನು ನಾನೇ. ನನಗೆ ಅವರ ವಿದ್ವತ್ತೂ ಇಲ್ಲ. ಆದರೆ ದಾಖಲೆ ಹೋದಮೇಲೂ ನೆನಪನ್ನು ಕೇಳಿ ಬರೆದುಕೊಳ್ಳಬಹುದು ಎಂಬ ಪಾಠವನ್ನು ಅವರಿಂದ ಕಲಿತೆ.

ಕೆಲವು ವರ್ಷಗಳಿಂದ, ಕಾಲು ನಡೆದಷ್ಟು ದೂರ, ಮಾಕಳಿಯಲ್ಲಿಯೂ ಅದರ ಸುತ್ತಿನ ಹಳ್ಳಿಗಳಲ್ಲಿಯೂ ವಯಸ್ಸಾದವರನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ. ಕೈಯಲ್ಲಿ ಒಂದು ದಪ್ಪ ಹಾಳೆಯ ಪುಸ್ತಕ. ಎಡಗಡೆ ಸರ್ವೆ ನಂಬರು, ಬಲಗಡೆ ಬಾಯಿಯ ಹೆಸರು, ಅದರ ಕೆಳಗೆ ಹೇಳಿದವರು ಹೇಳಿದಷ್ಟು. ಹೋದ ವರ್ಷ ಒಬ್ಬ ಅಜ್ಜಿ, ಮೊಮ್ಮಗನ ಕೈ ಹಿಡಿದುಕೊಂಡು, ಮನೆಗಳ ಸಾಲಿನ ನಡುವೆ ನನ್ನನ್ನು ಕರೆದುಕೊಂಡು ಹೋದರು. ಒಂದು ತಿರುವಿನಲ್ಲಿ ನಿಂತು, “ಇದೇ ನೋಡಿ ಸ್ವಾಮಿ, ಹುಣಸೇಮರದ ಹೊಲ” ಎಂದರು. ಅಲ್ಲಿ ಹೊಲವೂ ಇರಲಿಲ್ಲ, ಹುಣಸೆಯ ಮರವೂ ಇರಲಿಲ್ಲ. ಎರಡು ಮಹಡಿಯ ಒಂದು ಮನೆಯೂ ಅದರ ಮುಂದೆ ನಿಲ್ಲಿಸಿದ ಒಂದು ಸ್ಕೂಟರೂ ಇದ್ದವು. ಮೊಮ್ಮಗ ನಕ್ಕ. ಅಜ್ಜಿ ನಗಲಿಲ್ಲ. “ಮರ ನಾನು ಸೊಸೆಯಾಗಿ ಬರೋಕೆ ಮುಂಚೇನೇ ಇರಲಿಲ್ಲ ಕಣಪ್ಪ. ನಮ್ಮತ್ತೆ ಹೇಳ್ತಿದ್ರು, ನಾನು ಹೇಳ್ತಿದೀನಿ” ಎಂದರು.

ನಾನು ಬರೆದುಕೊಂಡೆ. ನನ್ನ ಪುಸ್ತಕದಲ್ಲಿ ಇದುವರೆಗೆ ನಲವತ್ತೊಂದು ಹೆಸರುಗಳು ಸೇರಿವೆ. ಒರೆಸಿದ್ದಕ್ಕೆ ಇದು ಸಮವಲ್ಲ, ಬಡ್ಡಿಗೂ ಸಾಲದು. ಕೇಳುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಹಿಂದೆ ಒಂದು ಹಳ್ಳಿಯಿದ್ದರೆ, ಅಲ್ಲಿ ಈಗಲೂ ಒಬ್ಬ ಅಜ್ಜಿಯೋ ತಾತನೋ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಜಮೀನಿನ ಬೆಲೆಯನ್ನು ವಿಚಾರಿಸಿದ ಮೇಲೆ ಅದರ ಹೆಸರನ್ನೂ ಒಂದು ಮಾತು ಕೇಳಿ. ಕೇಳಿದ್ದನ್ನು ಬರೆದಿಡಿ, ಬಳಪದಿಂದ ಬೇಡ, ಶಾಯಿಯಿಂದ.